ಪುಸ್ತಕದ ವೈದ್ಯನಿಂದ ಪರದೆಯ ವೈದ್ಯನವರೆಗೆ

ಮನೆಯಲ್ಲಿ ಯಾರಿಗಾದರೂ ಮೈ ಬಿಸಿಯಾದರೆ, ಎದೆಯಲ್ಲಿ ಚುಳುಕೆಂದರೆ, ಇಂದು ನಮ್ಮ ಕೈ ಮೊದಲು ಹೋಗುವುದು ಮೊಬೈಲಿನ ಕಡೆಗೆ. ರೋಗದ ಲಕ್ಷಣವನ್ನು ಬರೆದರೆ ಸಾಕು, ಕ್ಷಣಮಾತ್ರದಲ್ಲಿ ನೂರಾರು ಉತ್ತರಗಳು ಪರದೆಯ ಮೇಲೆ ಮೂಡುತ್ತವೆ. ವೈದ್ಯರ ಬಳಿಗೆ ಹೋಗುವ ಮೊದಲೇ ನಮ್ಮಲ್ಲಿ ಅನೇಕರು ತಮಗೆ ಬಂದಿರುವ ರೋಗಕ್ಕೆ ಹೆಸರಿಟ್ಟು, ಅದರ ಔಷಧಿಯನ್ನೂ ಗೊತ್ತುಮಾಡಿಕೊಂಡಿರುತ್ತಾರೆ. ಇನ್ನು ಕೆಲವರು ವೈದ್ಯರ ಬಳಿಗೆ ಹೋಗುವುದೇ ಇಲ್ಲ. ಇದು ಹೊಸ ಕಾಲದ ಹೊಸ ಚಪಲವೆಂದು ಹಿರಿಯರು ಬೈಯುವುದುಂಟು; ಇದೇ ಪ್ರಗತಿಯೆಂದು ಕಿರಿಯರು ಬೀಗುವುದೂ ಉಂಟು.

ಇತಿಹಾಸವನ್ನು ತಿರುವಿ ನೋಡಿದರೆ ಈ ಎರಡು ಮಾತುಗಳೂ ಪೂರ್ಣ ಸತ್ಯವಲ್ಲವೆಂದು ತಿಳಿಯುತ್ತದೆ. ವೈದ್ಯನು ಎದುರಿಗಿಲ್ಲದಿರುವಾಗ ವೈದ್ಯಶಾಸ್ತ್ರದ ತಿಳಿವಳಿಕೆಯನ್ನು ಮನೆಬಾಗಿಲಿಗೆ ತಲುಪಿಸುವ ಪ್ರಯತ್ನ ಬಹು ಹಳೆಯದು. ಆ ಪ್ರಯತ್ನ ಅನೇಕ ಜೀವಗಳನ್ನು ಉಳಿಸಿದೆ. ಅದು ಎಡವಿದ ಕಡೆಗಳಲ್ಲಿ ಜೀವಗಳು ಹೋಗಿಯೂ ಇವೆ. ಎಲ್ಲಿ ಅದು ಕೈಹಿಡಿಯಿತು, ಎಲ್ಲಿ ಕೈಬಿಟ್ಟಿತು ಎಂಬುದನ್ನು ಅರಿತರೆ, ನಮ್ಮ ಅಂಗೈಯಲ್ಲಿರುವ ಪರದೆಯನ್ನು ಹೇಗೆ ಬಳಸಬೇಕೆಂಬುದೂ ತಿಳಿದೀತು.

ಬಡವರ ಭಂಡಾರ

ಹದಿಮೂರನೆಯ ಶತಮಾನದ ಯುರೋಪಿನಲ್ಲಿ ವೈದ್ಯನೆಂಬವನು ಅರಮನೆಗೂ ದೊಡ್ಡ ಪಟ್ಟಣಗಳಿಗೂ ಸೀಮಿತನಾಗಿದ್ದ. ಆ ಕಾಲದಲ್ಲಿ ಲತೀನ್ ಭಾಷೆಯಲ್ಲಿ ರಚಿತವಾದ ಒಂದು ಗ್ರಂಥದ ಹೆಸರು 'ತೆಸೌರುಸ್ ಪೌಪೆರುಂ', ಅಂದರೆ 'ಬಡವರ ಭಂಡಾರ'. ತಲೆಯಿಂದ ಆರಂಭಿಸಿ ಪಾದದವರೆಗೆ ದೇಹದ ಒಂದೊಂದು ಭಾಗಕ್ಕೆ ಬರುವ ರೋಗಗಳನ್ನೂ ಅವುಗಳಿಗೆ ಸುಲಭವಾಗಿ ದೊರೆಯುವ ಔಷಧಿಗಳನ್ನೂ ಅದು ಹೇಳುತ್ತದೆ. ಗ್ಯಾಲೆನ್, ಡಯೋಸ್ಕೊರಿಡಿಸ್, ಅವಿಸೆನ್ನಾ ಮೊದಲಾದ ಪೂರ್ವಸೂರಿಗಳ ಮಾತುಗಳನ್ನು ಅದರಲ್ಲಿ ಸಂಗ್ರಹಿಸಲಾಗಿದೆ. ಇದನ್ನು ಬರೆದವರು ಪೇತ್ರುಸ್ ಹಿಸ್ಪಾನುಸ್ ಎಂಬ ವೈದ್ಯರೆಂದೂ, 1276ರಲ್ಲಿ ಇಪ್ಪತ್ತೊಂದನೆಯ ಜಾನ್ ಎಂಬ ಹೆಸರಿನಿಂದ ಪೋಪರಾದವರು ಇವರೇ ಎಂದೂ ಪರಂಪರೆ ಹೇಳುತ್ತದೆ. ಆ ಹೆಸರಿನವರು ಒಬ್ಬರಿಗಿಂತ ಹೆಚ್ಚು ಮಂದಿ ಇದ್ದಿರಬಹುದೆಂದು ಈಚಿನ ವಿದ್ವಾಂಸರು ವಾದಿಸುತ್ತಾರೆ. ಆ ಪೋಪರು ಮರುವರ್ಷವೇ ವಿತೆರ್ಬೋ ನಗರದಲ್ಲಿ ತಮ್ಮ ಕೊಠಡಿಯ ಮಾಡು ಕುಸಿದು ಗಾಯಗೊಂಡು ತೀರಿಕೊಂಡರು.

ಗ್ರಂಥಕರ್ತರು ಯಾರೇ ಇರಲಿ, ಉದ್ದೇಶ ಸ್ಪಷ್ಟವಾಗಿದೆ. ವೈದ್ಯನಿಗೆ ಕೊಡಲು ಹಣವಿಲ್ಲದವನಿಗೂ ತಿಳಿವಳಿಕೆ ಸಿಗಬೇಕು. ಇಂದು ಅಂತರಜಾಲದಲ್ಲಿ ಹುಡುಕುವ ಬಡ ಕುಟುಂಬದ ಹಂಬಲವೂ ಇದೇ ಅಲ್ಲವೇ? ಆದ್ದರಿಂದ ಹುಡುಕುವವರನ್ನು ಹೀಗಳೆಯುವ ಅಧಿಕಾರ ನಮಗಿಲ್ಲ.

ಒಂದು ಅಚ್ಚಿನ ತಪ್ಪು

ಅಚ್ಚಿನ ಯಂತ್ರ ಬಂದ ಮೇಲೆ ಇಂಥ ಪುಸ್ತಕಗಳು ಮನೆಮನೆಯನ್ನು ಹೊಕ್ಕವು. ಮೆಥೊಡಿಸ್ಟ್ ಪಂಥದ ಸ್ಥಾಪಕರಾದ ಜಾನ್ ವೆಸ್ಲಿಯವರು 1747ರಲ್ಲಿ ಇಂಗ್ಲೆಂಡಿನ ಬಡವರಿಗಾಗಿ 'ಪ್ರಿಮಿಟಿವ್ ಫಿಸಿಕ್' ಎಂಬ ಮನೆಮದ್ದಿನ ಪುಸ್ತಕವನ್ನು ಪ್ರಕಟಿಸಿದರು. ಅದಕ್ಕೆ ಒಂದು ವರ್ಷ ಮೊದಲೇ ಅವರು ಬಡವರಿಗಾಗಿ ಉಚಿತ ಔಷಧಾಲಯಗಳನ್ನು ತೆರೆದಿದ್ದರು. ಪುಸ್ತಕವು ಅವರು ಬದುಕಿದ್ದಾಗಲೇ ಇಪ್ಪತ್ತಕ್ಕೂ ಹೆಚ್ಚು ಬಾರಿ ಅಚ್ಚಾಯಿತು. ಶುದ್ಧ ಗಾಳಿ, ಮಿತವಾದ ಆಹಾರ, ನಡಿಗೆ, ತಣ್ಣೀರು ಎಂಬ ಅದರ ಉಪದೇಶಗಳು ಇಂದಿಗೂ ಸಲ್ಲುತ್ತವೆ. ಪಾದರಸವನ್ನು ನುಂಗಬೇಕೆಂಬಂಥ ಅಪಾಯಕರ ಸಲಹೆಗಳೂ ಅದರಲ್ಲಿದ್ದವು.

ಈ ಪುಸ್ತಕದ ಇತಿಹಾಸದಲ್ಲಿ ಒಂದು ಪ್ರಸಂಗ ಗಮನಾರ್ಹ. ವಿಷ ಸೇವಿಸಿದವನಿಗೆ ವಾಂತಿ ಮಾಡಿಸಲು ಒಂದೆರಡು ಡ್ರಾಮ್‌ನಷ್ಟು ತಾಮ್ರದ ಕಿಲುಬನ್ನು ಕೊಡಬೇಕೆಂದು ಅದರ ಕೆಲವು ಮುದ್ರಣಗಳಲ್ಲಿ ಅಚ್ಚಾಗಿತ್ತು. ತಾಮ್ರದ ಕಿಲುಬು ತಾನೇ ವಿಷ. ಅಷ್ಟು ಪ್ರಮಾಣದಲ್ಲಿ ಅದು ಪ್ರಾಣಾಂತಕ. 1776ರಲ್ಲಿ ಒಬ್ಬರು ಪತ್ರಿಕೆಯ ಮೂಲಕ ಇದನ್ನು ಎತ್ತಿ ತೋರಿಸಿದಾಗ ವೆಸ್ಲಿಯವರು ಅವರಿಗೆ ಕೃತಜ್ಞತೆ ಹೇಳಿ, ಅಲ್ಲಿ ಇರಬೇಕಾದುದು 'ಡ್ರಾಮ್' ಅಲ್ಲ, 'ಗ್ರೇನ್' ಎಂದು ತಿದ್ದಿದರು. ಒಂದು ಡ್ರಾಮ್ ಎಂದರೆ ಅರುವತ್ತು ಗ್ರೇನ್. ಒಂದು ಪದ ತಪ್ಪಿದುದರಿಂದ ಔಷಧಿಯ ಪ್ರಮಾಣ ಅರುವತ್ತು ಪಟ್ಟು ಹೆಚ್ಚಿತ್ತು.

ವೆಸ್ಲಿಯವರ ಸದುದ್ದೇಶದಲ್ಲಿ ಸಂಶಯವಿಲ್ಲ. ಆದರೆ ಅಚ್ಚಾಗಿ ಹೊರಬಿದ್ದ ಮಾತನ್ನು ಹಿಂದಕ್ಕೆ ಕರೆಯುವುದು ಹೇಗೆ? ಔಷಧದ ಅಂಗಡಿಯವನಿಗೆ ಪ್ರಮಾಣ ವಿಪರೀತವೆನಿಸಿದರೆ ಅವನು ವೈದ್ಯನನ್ನು ಕೇಳಬಲ್ಲ. ಪುಸ್ತಕ ನೋಡಿ ತಾನೇ ಕಿಲುಬನ್ನು ಕೆರೆದು ಕಲಸುವ ಮನೆಯವನಿಗೆ ಆ ತಡೆ ಇಲ್ಲ. ಇಂದಿನ ಪರದೆಯ ಮೇಲೂ ಹೀಗೆಯೇ: ಬರೆದವನು ಯಾವಾಗಲೋ ತಿದ್ದಿದ ಸಂದೇಶ ತಿದ್ದುವ ಮೊದಲಿನ ರೂಪದಲ್ಲಿಯೇ ಮೊಬೈಲಿನಿಂದ ಮೊಬೈಲಿಗೆ ಸುತ್ತುತ್ತಲೇ ಇರುತ್ತದೆ.

1761: ಎರಡು ಪುಸ್ತಕಗಳು

ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ವೈದ್ಯ ಸಾಮ್ಯುಯೆಲ್ ತಿಸ್ಸೊ ಅವರು 1761ರಲ್ಲಿ 'ಜನರಿಗೆ ಅವರ ಆರೋಗ್ಯದ ಕುರಿತು ಸಲಹೆ' ಎಂಬ ಅರ್ಥದ ಹೆಸರುಳ್ಳ ಫ್ರೆಂಚ್ ಗ್ರಂಥವನ್ನು ಹೊರತಂದರು. ಜ್ವರ ಬಂದವನನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕಂಬಳಿಗಳ ರಾಶಿಯಡಿ ಮಲಗಿಸಿ, ಬಿಸಿ ದ್ರಾಕ್ಷಾರಸ ಕುಡಿಸಿ ಬೆವರಿಸುವ ಹಳ್ಳಿಯ ಪದ್ಧತಿಯಿಂದ ಜನ ಸಾಯುವುದನ್ನು ಅವರು ಕಂಡಿದ್ದರು. ಅದನ್ನು ತಡೆಯುವುದು ಅವರ ಗುರಿ. ಪುಸ್ತಕವು ಯುರೋಪಿನ ಅನೇಕ ಭಾಷೆಗಳಿಗೆ ಅನುವಾದವಾಯಿತು. ಎಂಟು ವರ್ಷಗಳ ಬಳಿಕ, 1769ರಲ್ಲಿ, ಎಡಿನ್‌ಬರೋ ನಗರದಲ್ಲಿ ಪ್ರಕಟವಾದ ವಿಲಿಯಂ ಬುಕನ್ ಅವರ 'ಡೊಮೆಸ್ಟಿಕ್ ಮೆಡಿಸಿನ್' ಇದೇ ದಾರಿ ಹಿಡಿದು, ಲೇಖಕರ ಜೀವಿತಕಾಲದಲ್ಲಿಯೇ ಹತ್ತೊಂಬತ್ತು ಆವೃತ್ತಿಗಳನ್ನು ಕಂಡಿತು.

ತಿಸ್ಸೊ ಅವರ ಗ್ರಂಥದಲ್ಲಿ ಎರಡು ವಿಷಯಗಳು ವಿಶೇಷವಾದವು. ಮೊದಲನೆಯದಾಗಿ, ಅವರು ಅದನ್ನು ರೋಗಿಯ ಕೈಗೇ ನೇರವಾಗಿ ಕೊಡಲಿಲ್ಲ. ಹಳ್ಳಿಯ ಧರ್ಮಬೋಧಕರು, ಶಾಲಾ ಉಪಾಧ್ಯಾಯರು, ಊರಿನ ಅನುಕೂಲಸ್ಥರು, ಸೂಲಗಿತ್ತಿಯರು ಇದನ್ನು ಓದಿ ರೋಗಿಗೆ ನೆರವಾಗಲಿ ಎಂಬುದು ಅವರ ಆಶಯವಾಗಿತ್ತು. ಮಾಹಿತಿಗೂ ರೋಗಿಗೂ ನಡುವೆ ಅವನನ್ನು ಬಲ್ಲ ಒಬ್ಬ ವಿವೇಕಿ ಇರಬೇಕೆಂದು ಅವರು ಬಗೆದಿದ್ದರು. ಎರಡನೆಯದಾಗಿ, ವೈದ್ಯನನ್ನು ಸಂಪರ್ಕಿಸುವಾಗ ಉತ್ತರಿಸಲೇಬೇಕಾದ ಪ್ರಶ್ನೆಗಳ ಪಟ್ಟಿಯೊಂದನ್ನು ಅವರು ಅದರಲ್ಲಿ ಸೇರಿಸಿದ್ದರು. ರೋಗಿಯ ವಯಸ್ಸೆಷ್ಟು? ಮೊದಲು ಆರೋಗ್ಯ ಹೇಗಿತ್ತು? ರೋಗ ಎಂದಿನಿಂದ, ಹೇಗೆ ಆರಂಭವಾಯಿತು? ನೋವು ಎಲ್ಲಿದೆ? ನಿದ್ರೆ, ಬಾಯಾರಿಕೆ, ಮಲಮೂತ್ರ ಹೇಗಿವೆ? ಈ ತನಕ ಏನು ಔಷಧಿ ಕೊಡಲಾಗಿದೆ? ಪುಸ್ತಕದ ಕೆಲಸ ಎಲ್ಲಿಗೆ ಮುಗಿದು ವೈದ್ಯನ ಕೆಲಸ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಪುಸ್ತಕವೇ ತೋರಿಸಿಕೊಟ್ಟಿತ್ತು.

ತಿಸ್ಸೊ ಅವರಿಗೆ ಯುರೋಪಿನ ನಾನಾ ಭಾಗಗಳಿಂದ ರೋಗಿಗಳು ಪತ್ರ ಬರೆದು ಚಿಕಿತ್ಸೆ ಕೇಳುತ್ತಿದ್ದರು. ಅಂಥ ಸಾವಿರಕ್ಕೂ ಹೆಚ್ಚು ಪತ್ರಗಳು ಲೊಸಾನ್‌ನಲ್ಲಿ ಇಂದಿಗೂ ಉಳಿದಿವೆ. ರೋಗಿಯ ಮುಖವನ್ನು ನೋಡದೆ, ನಾಡಿಯನ್ನು ಮುಟ್ಟದೆ, ಕಾಗದದ ಮೇಲಿನ ಮಾತುಗಳಿಂದಲೇ ಚಿಕಿತ್ಸೆ ಹೇಳುವುದು ಆ ಕಾಲದಲ್ಲಿ ಅಸಹಜವೆನಿಸುತ್ತಿರಲಿಲ್ಲ.

ಅದೇ 1761ರಲ್ಲಿ ವಿಯೆನ್ನಾ ನಗರದಲ್ಲಿ ಇನ್ನೊಂದು ಚಿಕ್ಕ ಲತೀನ್ ಪುಸ್ತಕ ಪ್ರಕಟವಾಯಿತು. ಬರೆದವರು ಲಿಯೋಪೋಲ್ಡ್ ಔಯೆನ್‌ಬ್ರುಗರ್ ಎಂಬ ವೈದ್ಯರು. ರೋಗಿಯ ಎದೆಯ ಮೇಲೆ ಬೆರಳಿನಿಂದ ತಟ್ಟಿ, ಹೊರಡುವ ಶಬ್ದದಿಂದ ಒಳಗೆ ನೀರು ತುಂಬಿದೆಯೋ ಇಲ್ಲವೋ ಎಂದು ತಿಳಿಯುವ ವಿಧಾನವನ್ನು ಅವರು ಅದರಲ್ಲಿ ವಿವರಿಸಿದ್ದರು. ಅವರ ತಂದೆ ಗ್ರಾಜ್ ಪಟ್ಟಣದಲ್ಲಿ ವಸತಿಗೃಹ ನಡೆಸುತ್ತಿದ್ದವರು. ಪೀಪಾಯಿಯನ್ನು ತಟ್ಟಿ ದ್ರಾಕ್ಷಾರಸ ಎಷ್ಟಿದೆಯೆಂದು ತಿಳಿಯುವುದನ್ನು ಮಗ ಅಲ್ಲಿಯೇ ಕಂಡಿದ್ದನೆಂದು ಹೇಳುತ್ತಾರೆ. ಆ ಪುಸ್ತಕವನ್ನು ಆಗ ಹೆಚ್ಚು ಮಂದಿ ಲೆಕ್ಕಿಸಲಿಲ್ಲ. 1808ರಲ್ಲಿ ಕೊರ್ವಿಸಾರ್ ಎಂಬ ಫ್ರೆಂಚ್ ವೈದ್ಯರು ಅದನ್ನು ಅನುವಾದಿಸಿ ಬೆಳಕಿಗೆ ತಂದರು. ಕೊರ್ವಿಸಾರರ ಶಿಷ್ಯ ಲಾಯೆನೆಕ್ 1816ರಲ್ಲಿ ಪ್ಯಾರಿಸ್ಸಿನಲ್ಲಿ ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಗಿಟ್ಟು ಆಲಿಸಿದರು. ಸ್ಟೆತಾಸ್ಕೋಪ್ ಹುಟ್ಟಿದ್ದು ಹಾಗೆ.

ಈ ಎರಡು ಪುಸ್ತಕಗಳು ಒಂದೇ ವರ್ಷ ಹೊರಬಂದುದು ಆಕಸ್ಮಿಕ. ಆದರೂ ಅವು ಎರಡು ಬೇರೆ ಬೇರೆ ದಾರಿಗಳನ್ನು ತೆರೆದವು. ಮೊದಲನೆಯದು ವೈದ್ಯನ ತಿಳಿವಳಿಕೆಯನ್ನು ಕಾಗದಕ್ಕಿಳಿಸಿ ದೂರದವರಿಗೆ ಕಳುಹಿಸಿತು. ಎರಡನೆಯದು ವೈದ್ಯನ ಕೈಯನ್ನೂ ಕಿವಿಯನ್ನೂ ರೋಗಿಯ ದೇಹದ ಸಮೀಪಕ್ಕೆ ತಂದಿತು. ಅಲ್ಲಿಂದೀಚೆಗೆ ವೈದ್ಯಶಾಸ್ತ್ರ ಪಡೆದ ಮುನ್ನಡೆಯಲ್ಲಿ ಬಹುಭಾಗ ಈ ಎರಡನೆಯ ದಾರಿಯಿಂದ ಬಂದದ್ದು: ತಟ್ಟುವುದು, ಆಲಿಸುವುದು, ರಕ್ತವನ್ನು ಪರೀಕ್ಷಿಸುವುದು, ಎಕ್ಸ್-ರೇ ತೆಗೆಯುವುದು. ಇವೆಲ್ಲವೂ ರೋಗದ ಬಗ್ಗೆ ಸಾಮಾನ್ಯವಾಗಿ ಹೇಳುವ ಮಾತುಗಳಲ್ಲ. 'ಈ' ರೋಗಿಯಲ್ಲಿ ಏನಾಗಿದೆ ಎಂದು ನೋಡುವ ಬಗೆಗಳು. ಪರದೆ ಎಷ್ಟೇ ಹೊಳಪಾಗಿದ್ದರೂ ಅದು ಮೊದಲನೆಯ ದಾರಿಯ ಮುಂದುವರಿಕೆಯೇ ಹೊರತು ಎರಡನೆಯದರದ್ದಲ್ಲ.

ಓದಿ ಓದಿ ಮರುಳಾದವನು

ಮನೆವೈದ್ಯದ ಪುಸ್ತಕಗಳು ಹೆಚ್ಚಿದಂತೆ ಇನ್ನೊಂದು ತೊಂದರೆಯೂ ತಲೆದೋರಿತು. ಇಂಗ್ಲಿಷ್ ಲೇಖಕ ಜೆರೋಮ್ ಕೆ. ಜೆರೋಮ್ 1889ರಲ್ಲಿ ಬರೆದ 'ಥ್ರೀ ಮೆನ್ ಇನ್ ಎ ಬೋಟ್' ಎಂಬ ಹಾಸ್ಯ ಕಾದಂಬರಿಯ ಮೊದಲಲ್ಲಿ ಒಂದು ಪ್ರಸಂಗವಿದೆ. ಕಥಾನಾಯಕನು ತನ್ನ ಸಣ್ಣದೊಂದು ಅಸ್ವಸ್ಥತೆಯ ಬಗ್ಗೆ ತಿಳಿಯಲು ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿ ವೈದ್ಯಕೀಯ ಪುಸ್ತಕವನ್ನು ತೆರೆಯುತ್ತಾನೆ. ಪುಟ ತಿರುವುತ್ತಾ ಹೋದಂತೆ ಒಂದೊಂದು ರೋಗವೂ ತನಗಿದೆಯೆಂದು ಅವನಿಗೆ ಮನವರಿಕೆಯಾಗುತ್ತದೆ. ಮನೆಗೆಲಸದ ಹೆಂಗಸರ ಮೊಣಕಾಲಿಗೆ ಬರುವ ಒಂದು ಬಾವು ಮಾತ್ರ ತನಗಿಲ್ಲವಲ್ಲ ಎಂದು ಬೇಸರಪಡುತ್ತಾನೆ. ಆರೋಗ್ಯವಂತನಾಗಿ ಒಳಗೆ ಹೋದವನು ಜೀರ್ಣನಾಗಿ ಹೊರಗೆ ಬರುತ್ತಾನೆ. ಪರಿಚಿತ ವೈದ್ಯನು ಅವನನ್ನು ಪರೀಕ್ಷಿಸಿ ಚೀಟಿ ಬರೆದುಕೊಡುತ್ತಾನೆ: ಚೆನ್ನಾಗಿ ಊಟ ಮಾಡು, ದಿನಾಲೂ ನಡೆ, ಹೊತ್ತಿಗೆ ಸರಿಯಾಗಿ ಮಲಗು, ಅರ್ಥವಾಗದ ಸಂಗತಿಗಳನ್ನು ತಲೆಗೆ ತುಂಬಿಕೊಳ್ಳಬೇಡ.

ನಮ್ಮ ಹಿರಿಯರು 'ಓದಿ ಓದಿ ಮರುಳಾದ ಕೂಚಂಭಟ್ಟ' ಎಂದು ನಕ್ಕದ್ದು ಇಂಥವನನ್ನು ಕಂಡೇ. ಆದರೆ ಇದು ಬರಿಯ ನಗೆಯ ವಿಷಯವಲ್ಲ. 2008ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧಕರಾದ ರಾಯನ್ ವೈಟ್ ಮತ್ತು ಎರಿಕ್ ಹಾರ್ವಿಟ್ಜ್ ಅಂತರಜಾಲದಲ್ಲಿ ರೋಗಲಕ್ಷಣ ಹುಡುಕುವವರ ವರ್ತನೆಯನ್ನು ಅಧ್ಯಯನ ಮಾಡಿದರು. ತಲೆನೋವಿನ ಬಗ್ಗೆ ಹುಡುಕಿದಾಗ ಕಾಫಿ ಬಿಟ್ಟುದರಿಂದ ಬರುವ ಸಾಮಾನ್ಯ ತಲೆನೋವಿನಷ್ಟೇ ಸಲ ಮೆದುಳಿನ ಗೆಡ್ಡೆಯ ಮಾತೂ ಎದುರಾಗುತ್ತಿತ್ತು. ತಲೆನೋವು ಬಂದವರಲ್ಲಿ ಮೆದುಳಿನ ಗೆಡ್ಡೆ ಇರುವುದು ಅತಿ ವಿರಳ. ಆದರೆ ವಿರಳವಾದ ಭಯಂಕರ ರೋಗದ ಬಗ್ಗೆ ಬರೆಯುವವರು ಹೆಚ್ಚು, ಓದುವವರೂ ಹೆಚ್ಚು. ಹೀಗಾಗಿ ಪರದೆಯ ಮೇಲೆ ಯಾವುದು ಎಷ್ಟು ಸಲ ಕಾಣುತ್ತದೆ ಎಂಬುದಕ್ಕೂ ಲೋಕದಲ್ಲಿ ಅದು ಎಷ್ಟು ಮಂದಿಗೆ ಬರುತ್ತದೆ ಎಂಬುದಕ್ಕೂ ಸಂಬಂಧವಿರುವುದಿಲ್ಲ. ದಿನವೂ ಹತ್ತಾರು ತಲೆನೋವುಗಳನ್ನು ನೋಡುವ ವೈದ್ಯನಿಗೆ ಈ ಲೆಕ್ಕಾಚಾರ ರೂಢಿಯಿಂದಲೇ ಬಂದಿರುತ್ತದೆ.

ಲಕ್ಷಣಗಳನ್ನು ಕೇಳಿ ರೋಗದ ಹೆಸರು ಹೇಳುವ 23 ಗಣಕ ವ್ಯವಸ್ಥೆಗಳನ್ನು ಅಮೆರಿಕದ ಹಾರ್ವರ್ಡ್ ಸಂಶೋಧಕರು 45 ಮಾದರಿ ಪ್ರಸಂಗಗಳ ಮೂಲಕ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಸರಿಯಾದ ರೋಗವನ್ನು ಮೊದಲ ಉತ್ತರವಾಗಿ ಕೊಟ್ಟದ್ದು ಶೇಕಡಾ 34ರಷ್ಟು ಸಲ ಮಾತ್ರ. ಮರುವರ್ಷ ವೈದ್ಯರನ್ನೂ ಇದೇ ಬಗೆಯ ಪ್ರಸಂಗಗಳಿಂದ ಪರೀಕ್ಷಿಸಿದಾಗ ಅವರು ಶೇಕಡಾ 72ರಷ್ಟು ಸಲ ಸರಿಯಾದ ಉತ್ತರವನ್ನು ಮೊದಲು ಹೇಳಿದರು. ವೈದ್ಯರೂ ತಪ್ಪುವುದುಂಟೆಂದು ಈ ಅಂಕಿಯೇ ತಿಳಿಸುತ್ತದೆ. ಆದರೆ ವೈದ್ಯನು ತಪ್ಪಿದರೆ ಎರಡು ದಿನ ಬಿಟ್ಟು ರೋಗಿಯನ್ನು ಮತ್ತೆ ನೋಡಿ ತಿದ್ದಿಕೊಳ್ಳಬಲ್ಲನು.

ಸುಳ್ಳು ಓಡಿದ ವೇಗ

ಕೆಲವೊಮ್ಮೆ ಮಾಹಿತಿಯೇ ಸುಳ್ಳಾಗಿರುತ್ತದೆ. 1998ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು 12 ಮಕ್ಕಳ ವಿವರಗಳನ್ನಿಟ್ಟುಕೊಂಡು, ದಡಾರ-ಮಂಗನಬಾವು-ರುಬೆಲ್ಲಾ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂದು ಸೂಚಿಸುವ ಲೇಖನವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಆಮೇಲಿನ ಅನೇಕ ದೊಡ್ಡ ಅಧ್ಯಯನಗಳಲ್ಲಿ ಅಂಥ ನಂಟು ಕಾಣಲಿಲ್ಲ. 2010ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ವೇಕ್‌ಫೀಲ್ಡರ ಹೆಸರನ್ನು ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ತೆಗೆದುಹಾಕಲಾಯಿತು. ಅಷ್ಟರಲ್ಲಿ ಕಾಲ ಮಿಂಚಿತ್ತು. ಇಂಗ್ಲೆಂಡಿನಲ್ಲಿ ಈ ಲಸಿಕೆ ಪಡೆಯುವ ಮಕ್ಕಳ ಪ್ರಮಾಣ ಶೇಕಡಾ 92ರಿಂದ 2003-04ರ ಹೊತ್ತಿಗೆ ಶೇಕಡಾ 80ಕ್ಕೆ ಇಳಿದಿತ್ತು. ಮಾಯವಾಗುತ್ತಿದ್ದ ದಡಾರ ಮರಳಿ ಬಂತು.

ಆ ಭೀತಿ ಅಲ್ಲಿಗೇ ನಿಲ್ಲಲಿಲ್ಲ. 2017ರ ಫೆಬ್ರವರಿಯಲ್ಲಿ ಭಾರತ ಸರ್ಕಾರವು ದಡಾರ-ರುಬೆಲ್ಲಾ ಲಸಿಕಾ ಅಭಿಯಾನವನ್ನು ಆರಂಭಿಸಿದಾಗ ಮೊದಲ ಹಂತದಲ್ಲಿದ್ದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಶಾಲೆಗಳಲ್ಲಿಯೂ ಅಂಗನವಾಡಿಗಳಲ್ಲಿಯೂ ಲಸಿಕೆ ಹಾಕಬೇಕಿತ್ತು. ಲಸಿಕೆಯಿಂದ ಮಕ್ಕಳಿಗೆ ಕೇಡಾಗುತ್ತದೆಂಬ ವಾಟ್ಸ್ಆಪ್ ಸಂದೇಶಗಳು ತಾಯಿತಂದೆಯರ ಮೊಬೈಲುಗಳಲ್ಲಿ ಹರಿದಾಡಿದವು. ಆರೋಗ್ಯ ಕಾರ್ಯಕರ್ತೆಯರೂ ಶಿಕ್ಷಕರೂ ವೈದ್ಯರೂ ಪೋಷಕರನ್ನು ಕೂರಿಸಿ, ಸಂಶಯಗಳನ್ನು ಕೇಳಿ, ಸಮಾಧಾನ ಹೇಳಬೇಕಾಯಿತು.

ಸತ್ಯವೇ ಮುಳುವಾದದ್ದು

ಸುಳ್ಳಿನ ಬಗ್ಗೆ ಎಚ್ಚರಿಸುವುದು ಸುಲಭ. ಆದರೆ ಮಾಹಿತಿ ಅಕ್ಷರಶಃ ಸತ್ಯವಾಗಿದ್ದೂ ಮನುಷ್ಯನಿಗೆ ಕೇಡಾಗಬಹುದೆಂಬುದನ್ನು ಕೊರೊನಾ ಕಾಲವು ನಮಗೆ ಕಲಿಸಿತು. ಈ ಪಾಠ ಹೆಚ್ಚು ಗಂಭೀರವಾದುದು.

2020ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಸಂತೋಷದ ಸುದ್ದಿ ಪ್ರಕಟಿಸಿದರು. ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಸ್ಟಿರಾಯ್ಡ್ ಔಷಧಿಯು ಕೊರೊನಾದಿಂದ ವೆಂಟಿಲೇಟರ್ ಹಂತಕ್ಕೆ ಹೋದವರ ಸಾವನ್ನು ಮೂರನೆಯ ಒಂದು ಭಾಗದಷ್ಟೂ, ಆಮ್ಲಜನಕ ಮಾತ್ರ ಬೇಕಾದವರ ಸಾವನ್ನು ಐದನೆಯ ಒಂದು ಭಾಗದಷ್ಟೂ ಇಳಿಸುತ್ತದೆಂದು ಅವರ ಪ್ರಯೋಗ ತೋರಿಸಿತ್ತು. ಅದೇ ಪ್ರಕಟಣೆಯಲ್ಲಿ ಇನ್ನೊಂದು ವಾಕ್ಯವೂ ಇತ್ತು: ಆಮ್ಲಜನಕದ ಅಗತ್ಯವಿಲ್ಲದ ರೋಗಿಗಳಿಗೆ ಇದರಿಂದ ಪ್ರಯೋಜನವಾಗಲಿಲ್ಲ.

ಮೊದಲ ಮಾತು ಲೋಕವನ್ನೆಲ್ಲ ಸುತ್ತಿತು, ಎರಡನೆಯದು ಹಿಂದುಳಿಯಿತು. 2021ರ ಬೇಸಿಗೆಯಲ್ಲಿ ಎರಡನೆಯ ಅಲೆ ನಮ್ಮ ದೇಶವನ್ನು ಅಪ್ಪಳಿಸಿದಾಗ ಆಸ್ಪತ್ರೆಗಳಲ್ಲಿ ಹಾಸಿಗೆಯಿರಲಿಲ್ಲ, ವೈದ್ಯರು ಫೋನಿಗೂ ಸಿಗುತ್ತಿರಲಿಲ್ಲ. ಯಾರಿಗೋ ಬರೆದುಕೊಟ್ಟ ಔಷಧಿ ಚೀಟಿಗಳು ವಾಟ್ಸ್ಆಪ್ ಮೂಲಕ ಮನೆಯಿಂದ ಮನೆಗೆ ಸಾಗಿದವು. ಜ್ವರ ಬಂದ ಮೊದಲ ದಿನದಿಂದಲೇ ಸ್ಟಿರಾಯ್ಡ್ ನುಂಗಿದವರಿದ್ದರು. ಸ್ಟಿರಾಯ್ಡ್ ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ, ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಇನ್ನಷ್ಟು ಅಪಾಯ. ಆ ದಿನಗಳಲ್ಲಿಯೇ ಬ್ಲ್ಯಾಕ್ ಫಂಗಸ್ ಎಂಬ ಭೀಕರ ಸೋಂಕು ಹರಡಿತು. 2021ರ ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಪ್ರಕರಣಗಳು ವರದಿಯಾಗಿದ್ದವು. ಕೆಲವರು ಕಣ್ಣು ಕಳೆದುಕೊಂಡರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯ ಜೊತೆಗೆ ಸ್ಟಿರಾಯ್ಡ್‌ಗಳ ದುರ್ಬಳಕೆಯೂ ಇದಕ್ಕೆ ಮುಖ್ಯ ಕಾರಣವೆಂದು ತಜ್ಞ ವೈದ್ಯರು ಆಗಲೇ ಎಚ್ಚರಿಸಿದ್ದರು.

ಆ ಚೀಟಿಯಲ್ಲಿದ್ದ ಔಷಧಿ ಸುಳ್ಳಾಗಿರಲಿಲ್ಲ. ಒಬ್ಬ ರೋಗಿಗೆ, ರೋಗದ ಒಂದು ಹಂತದಲ್ಲಿ ಅದು ಪ್ರಾಣರಕ್ಷಕ. ಅದೇ ಔಷಧಿ ಇನ್ನೊಬ್ಬನಿಗೆ, ಐದು ದಿನ ಮೊದಲು ಕೊಟ್ಟರೆ ಕೇಡು. 'ಯಾರಿಗೆ, ಯಾವಾಗ, ಎಷ್ಟು' ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ರೋಗಿಯ ಹಾಸಿಗೆಯ ಬಳಿ ನಿಂತವನು ಮಾತ್ರ ಹೇಳಬಲ್ಲ. ಅಂದು ಹಾಗೆ ನಿಲ್ಲುವವರು ಸಿಗದೆ ಜನರು ಚೀಟಿಯನ್ನು ನಂಬಿದರು. ಅವರನ್ನು ದೂಷಿಸುವ ಮೊದಲು ನಾವು ಆ ದಿನಗಳನ್ನು ನೆನೆಯಬೇಕು.

ಈಗ ಪ್ರಶ್ನೆಗೆ ಮನುಷ್ಯನಂತೆಯೇ ಉತ್ತರಿಸುವ ಕೃತಕ ಬುದ್ಧಿಮತ್ತೆಯ ಯಂತ್ರಗಳೂ ಬಂದಿವೆ. ಅಮೆರಿಕದಲ್ಲಿ ಅರುವತ್ತು ವರ್ಷದ ಒಬ್ಬರು ಅಡಿಗೆಯ ಉಪ್ಪು ಕೆಟ್ಟದ್ದೆಂದು ಓದಿ, ಅಂಥ ಯಂತ್ರವನ್ನು ಕೇಳಿದ ಬಳಿಕ, ಉಪ್ಪಿನ ಬದಲಿಗೆ ಸೋಡಿಯಂ ಬ್ರೋಮೈಡನ್ನು ಮೂರು ತಿಂಗಳ ಕಾಲ ಸೇವಿಸಿ, ಬುದ್ಧಿಭ್ರಮಣೆಗೊಂಡು ಆಸ್ಪತ್ರೆ ಸೇರಿದರೆಂದು 2025ರಲ್ಲಿ ವೈದ್ಯಕೀಯ ಪತ್ರಿಕೆಯೊಂದು ವರದಿ ಮಾಡಿತು. ಕ್ಲೋರೈಡಿನ ಬದಲಿಗೆ ಬ್ರೋಮೈಡ್ ಎಂಬುದು ಶುಚಿಗೊಳಿಸುವ ಕೆಲಸದಂಥ ಬೇರೆ ಸಂದರ್ಭದಲ್ಲಿ ಸರಿಯಾದೀತು. ಊಟದ ತಟ್ಟೆಯಲ್ಲಿ ಅದು ವಿಷ. ಎರಡೂವರೆ ಶತಮಾನಗಳ ಹಿಂದಿನ ತಾಮ್ರದ ಕಿಲುಬಿನ ಕಥೆಯೇ ಮತ್ತೆ ನಡೆಯಿತೆನ್ನಬಹುದು.

ತಿಳಿವಳಿಕೆ ಕೈಹಿಡಿದದ್ದು

ಹಾಗಾದರೆ ಸಾಮಾನ್ಯ ಜನರ ಕೈಗೆ ವೈದ್ಯಕೀಯ ತಿಳಿವಳಿಕೆಯನ್ನು ಕೊಡಲೇಬಾರದೆ? ಹಾಗೆನ್ನುವುದು ಇತಿಹಾಸಕ್ಕೆ ಮಾಡುವ ಅಪಚಾರ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ, ಪಶ್ಚಿಮ ಬಂಗಾಳದ ಬೊನ್‌ಗಾಂವ್ ಶಿಬಿರದಲ್ಲಿದ್ದ ಡಾ. ದಿಲೀಪ್ ಮಹಲನೊಬಿಸ್ ಅವರಲ್ಲಿ ರಕ್ತನಾಳಕ್ಕೆ ಏರಿಸುವ ದ್ರವ ಮುಗಿಯುತ್ತ ಬಂದಿತ್ತು. ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಲು ಹೇಳಿದರು. ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತಲೂ ಕೆಳಗಿಳಿಯಿತು. ಮುಂದೆ 1980ರಿಂದ 1990ರವರೆಗೆ ಬಾಂಗ್ಲಾದೇಶದ 'ಬ್ರಾಕ್' ಸಂಸ್ಥೆಯ ಕಾರ್ಯಕರ್ತೆಯರು ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹೋಗಿ, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಲೀಟರಿನಷ್ಟು ನೀರು ಬೆರೆಸಿ ಭೇದಿಯಾದ ಮಗುವಿಗೆ ಕುಡಿಸುವುದನ್ನು ತಾಯಂದಿರಿಗೆ ಕಲಿಸಿದರು.

ಅದನ್ನು ಕಲಿಸಿದ ಬಗೆಯನ್ನು ಗಮನಿಸಬೇಕು. ಕಾರ್ಯಕರ್ತೆಯು ತಾಯಿಯ ಎದುರಿಗೆ ಕುಳಿತು, ಅವಳ ಕೈಯಿಂದಲೇ ಬೆರೆಸಿಸಿ ನೋಡುತ್ತಿದ್ದಳು. ಕೆಲವು ವಾರ ಬಿಟ್ಟು ಇನ್ನೊಬ್ಬರು ಬಂದು ತಾಯಿಗೆ ಎಷ್ಟು ನೆನಪಿದೆಯೆಂದು ಪರೀಕ್ಷಿಸುತ್ತಿದ್ದರು. ಕಾರ್ಯಕರ್ತೆಯ ಸಂಬಳ ಆ ನೆನಪಿನ ಮೇಲೆ ನಿಂತಿತ್ತು. ಸಂದೇಶವನ್ನು ಕಳುಹಿಸಿಬಿಟ್ಟರೆ ಕೆಲಸ ಮುಗಿಯಿತೆಂದು ಅವರು ತಿಳಿಯಲಿಲ್ಲ.

ಕನ್ನಡದಲ್ಲಿಯೂ ಈ ಕೆಲಸ ನಡೆದಿದೆ. ವೃತ್ತಿಯಿಂದ ವೈದ್ಯೆಯಾಗಿದ್ದ ಸಾಹಿತಿ ಡಾ. ಅನುಪಮಾ ನಿರಂಜನ ಅವರ 'ತಾಯಿ-ಮಗು', 'ದಾಂಪತ್ಯ ದೀಪಿಕೆ' ಮೊದಲಾದ ಪುಸ್ತಕಗಳು, ಬಾಯಿಬಿಟ್ಟು ಕೇಳಲು ಹೆಣ್ಣುಮಕ್ಕಳು ನಾಚುತ್ತಿದ್ದ ವಿಷಯಗಳನ್ನು ತಿಳಿಗನ್ನಡದಲ್ಲಿ ಮನೆಗಳಿಗೆ ತಲುಪಿಸಿದವು. ಮೆಕ್ಸಿಕೊ ದೇಶದ ಗುಡ್ಡಗಾಡು ಹಳ್ಳಿಗಳಲ್ಲಿ ದುಡಿದ ಡೇವಿಡ್ ವರ್ನರ್ ಅವರು 1970ರ ದಶಕದಲ್ಲಿ ಹೊರತಂದ, 'ವೈದ್ಯರಿಲ್ಲದ ಕಡೆ' ಎಂಬ ಅರ್ಥದ ಹೆಸರುಳ್ಳ ಪುಸ್ತಕ ಲೋಕದ ಹಲವಾರು ಭಾಷೆಗಳಲ್ಲಿದೆ. ವೈದ್ಯರಿಲ್ಲದವರಿಗಾಗಿಯೇ ಬರೆದ ಆ ಪುಸ್ತಕವೂ ಯಾವ ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂದು ಮತ್ತೆ ಮತ್ತೆ ಹೇಳುತ್ತದೆ. ರೋಗಿಯೊಂದಿಗೆ ಬರೆದು ಕಳುಹಿಸಬೇಕಾದ ವಿವರಗಳ ನಮೂನೆಯನ್ನೂ ಕೊಡುತ್ತದೆ. ಇದು ತಿಸ್ಸೊ ಅವರ ಪಟ್ಟಿಯ ಸೋದರನೇ ಸರಿ.

ನಮ್ಮ ಮನೆಗಳಲ್ಲಿ

ಈ ಇತಿಹಾಸದಿಂದ ನಾವು ಕಲಿಯಬಹುದಾದದ್ದೇನು? ನಂಬಿಕೆಗೆ ಯೋಗ್ಯವಾದ ಮಾಹಿತಿಯು ತನ್ನ ಗಡಿಯನ್ನು ತಾನೇ ಹೇಳುತ್ತದೆ. 'ಇಲ್ಲಿಯ ತನಕ ಮನೆಯಲ್ಲಿ ಮಾಡಿ, ಇದರಾಚೆಗೆ ವೈದ್ಯರನ್ನು ಕಾಣಿ' ಎಂಬ ಮಾತು ಅದರಲ್ಲಿ ಇದ್ದೇ ಇರುತ್ತದೆ. ಎಲ್ಲ ರೋಗಕ್ಕೂ ಒಂದೇ ಮದ್ದೆನ್ನುವ, ವೈದ್ಯರ ಬಳಿಗೆ ಹೋಗಲೇಬೇಡಿ ಎನ್ನುವ, ಬರೆದವರ ಹೆಸರಿಲ್ಲದ, ದಿನಾಂಕವಿಲ್ಲದ ಸಂದೇಶವನ್ನು ಮುಂದಕ್ಕೆ ಕಳುಹಿಸದಿರುವುದೇ ನಾವು ನೆರೆಯವರಿಗೆ ಮಾಡುವ ಉಪಕಾರ. ಒಬ್ಬರಿಗೆ ಬರೆದ ಔಷಧಿ ಚೀಟಿಯನ್ನು ಇನ್ನೊಬ್ಬರಿಗೆ ಕೊಡುವುದಂತೂ ಎಂದಿಗೂ ಸಲ್ಲದು.

ಮೊಬೈಲನ್ನು ಒಳ್ಳೆಯದಕ್ಕೂ ಬಳಸಬಹುದು. ವೈದ್ಯರ ಬಳಿಗೆ ಹೊರಡುವ ಮೊದಲು ತಿಸ್ಸೊ ಅವರ ಪ್ರಶ್ನೆಗಳಿಗೆ ಉತ್ತರವನ್ನು ಅದರಲ್ಲಿಯೇ ಬರೆದಿಟ್ಟುಕೊಳ್ಳಿ: ಜ್ವರ ಎಂದು ಆರಂಭವಾಯಿತು, ಎಷ್ಟಿತ್ತು, ಏನು ತಿಂದರು, ಯಾವ ಮಾತ್ರೆ ಕೊಟ್ಟಿರಿ, ಮೊದಲಿನಿಂದ ಇರುವ ಕಾಯಿಲೆ ಯಾವುದು, ಯಾವ ಔಷಧಿ ಒಗ್ಗುವುದಿಲ್ಲ. ಮನೆಮದ್ದು ಮಾಡಿದ್ದರೂ, ಅಂತರಜಾಲದಲ್ಲಿ ಓದಿ ಹೆದರಿದ್ದರೂ ಮುಚ್ಚಿಡದೆ ಹೇಳಿ. ವೈದ್ಯರು ರೋಗದ ಹೆಸರು ಹೇಳಿದ ಮೇಲೆ ಅದರ ಬಗ್ಗೆ ಮನೆಗೆ ಬಂದು ಓದುವುದರಲ್ಲಿ ದೋಷವಿಲ್ಲ. ಓದಿದಾಗ ಹುಟ್ಟಿದ ಪ್ರಶ್ನೆಯನ್ನು ಮುಂದಿನ ಸಲ ಅವರಲ್ಲಿಯೇ ಕೇಳಿ. ಮನೆಯ ಹಿರಿಯರು ಮಾತ್ರೆ ನಿಲ್ಲಿಸಬೇಕೆಂದು ಯಾವುದೋ ವಿಡಿಯೋ ನೋಡಿ ನಿರ್ಧರಿಸಿದ್ದರೆ ಅವರೊಡನೆ ಜಗಳವಾಡದೆ ವೈದ್ಯರ ಬಳಿಗೆ ಜೊತೆಯಾಗಿ ಹೋಗಿ.

ವೈದ್ಯ ಬಂಧುಗಳಲ್ಲಿಯೂ ಒಂದು ವಿನಂತಿ. ರೋಗಿಗಳು ಪರದೆಯ ಕಡೆಗೆ ತಿರುಗುವುದಕ್ಕೆ ಕುತೂಹಲವೊಂದೇ ಕಾರಣವಲ್ಲ. ಗಂಟೆಗಟ್ಟಲೆ ಸರದಿಯಲ್ಲಿ ಕುಳಿತು ಒಳಗೆ ಹೋದವನಿಗೆ ಎರಡು ನಿಮಿಷವೂ ಸಿಗದಿದ್ದರೆ, ಕೇಳಿದ ಪ್ರಶ್ನೆಗೆ ಉತ್ತರದ ಬದಲು ಗದರಿಕೆ ಸಿಕ್ಕರೆ, ಪರೀಕ್ಷೆಗಳ ಪಟ್ಟಿಯನ್ನು ಕಂಡು ಎದೆ ನಡುಗಿದರೆ, ಅವನು ಎಷ್ಟು ಹೊತ್ತಿಗೆ ಕೇಳಿದರೂ ಬೇಸರಿಸದೆ ಉತ್ತರಿಸುವ ಯಂತ್ರವನ್ನು ಹುಡುಕಿಕೊಂಡು ಹೋಗುತ್ತಾನೆ. ಔಯೆನ್‌ಬ್ರುಗರ್ ಅವರ ಬೆರಳೂ ಲಾಯೆನೆಕ್ ಅವರ ಕಿವಿಯೂ ರೋಗಿಯ ಎದೆಯ ಸಮೀಪಕ್ಕೆ ಬಂದುದರಿಂದ ವೈದ್ಯಶಾಸ್ತ್ರ ಬೆಳೆಯಿತು. ಆ ಸಾಮೀಪ್ಯವನ್ನು ಉಳಿಸಿಕೊಳ್ಳುವ ಹೊಣೆ ವೈದ್ಯರದ್ದೂ ಹೌದು, ಬಡವನಿಗೂ ವೈದ್ಯರು ದೊರಕುವಂತೆ ಮಾಡಬೇಕಾದ ಸಮಾಜದ್ದೂ ಹೌದು.

ರೋಗಿಯ ಹಾಸಿಗೆಯ ಬಳಿ ಇರುವ ನಮಗೂ ಒಂದು ಕೆಲಸವಿದೆ. ಮಗುವಿನ ಉಸಿರಾಟದಲ್ಲಿ ನಿನ್ನೆಗಿಂತ ಇಂದು ಏನು ಬದಲಾಗಿದ್ದರೂ, ತಾತನ ಊಟ ಒಂದು ವಾರದಿಂದ ಕಡಿಮೆಯಾಗಿದ್ದರೂ ಅದನ್ನು ಮೊದಲು ಕಾಣುವವರು ಮನೆಯವರು. ಅವರು ಕಂಡದ್ದನ್ನು ಸರಿಯಾಗಿ ಗಮನಿಸಿ, ತಡಮಾಡದೆ ಬಲ್ಲವರ ಕಿವಿಗೆ ಮುಟ್ಟಿಸಿದರೆ ಅನೇಕ ಮನೆಗಳಲ್ಲಿ ಜೀವ ಉಳಿದೀತು.